ಬಾಸ್ಕೆಟ್‌ಬಾಲಿನಲ್ಲಿ ಹೆಜ್ಜೆಯ ನ್ಯಾಯ

ಬಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ “ಟ್ರಾವೆಲಿಂಗ್!” ಎಂಬ ಕೂಗು ಅನೇಕ ವೇಳೆ ರೆಫರಿಯವರ ಸೀಟಿಗಿಂತ ಮೊದಲೇ ಪ್ರೇಕ್ಷಕರ ಬಾಯಿಂದ ಹೊರಡುತ್ತದೆ. ಚೆಂಡನ್ನು ಹಿಡಿದವಳು ಒಂದು ಹೆಜ್ಜೆಯನ್ನು ವಿಚಿತ್ರವಾಗಿ ಇಟ್ಟಳೆಂದರೆ ಸಾಕು, ಅವಳು ತಪ್ಪಿತಸ್ಥಳೆಂದು ಎಣಿಸಲ್ಪಡುತ್ತಾಳೆ. ಆದರೆ ವಿಚಿತ್ರವಾಗಿ ಕಾಣುವುದೆಲ್ಲವೂ ತಪ್ಪಲ್ಲ. ಸೊಗಸಾಗಿ ಕಾಣುವುದೆಲ್ಲವೂ ಸರಿಯಲ್ಲ. ಇದು ನಮ್ಮ ಸೋದರಿಯರು ಯೋಚಿಸತಕ್ಕ ವಿಷಯವಾಗಿದೆ.

ಈ ಆಟವನ್ನು 1891ನೆಯ ಇಸವಿ ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಕಲ್ಪಿಸಿದವರು ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು. ಅವರು ಬರೆದ 13 ನಿಯಮಗಳಲ್ಲಿ ಮೂರನೆಯದು, ಚೆಂಡನ್ನು ಹಿಡಿದುಕೊಂಡು ಓಡಕೂಡದೆಂದೂ ಹಿಡಿದ ಸ್ಥಳದಿಂದಲೇ ಎಸೆಯತಕ್ಕದ್ದೆಂದೂ ವಿಧಿಸಿತು. ವೇಗವಾಗಿ ಓಡುತ್ತಿರುವಾಗ ಚೆಂಡು ಕೈಸೇರಿದವನು ನಿಲ್ಲಲು ಯತ್ನಿಸಿದರೆ ಅವನಿಗೆ ರಿಯಾಯಿತಿ ಕೊಡಬೇಕೆಂದೂ ಅದೇ ನಿಯಮವು ಹೇಳಿತು. ಹೀಗೆ ವಿಧಿಯೂ ವಿನಾಯಿತಿಯೂ ಅವಳಿಗಳಂತೆ ಒಟ್ಟಿಗೆ ಹುಟ್ಟಿದವು. ಈಚಿನ ನಿಯಮಗಳೆಲ್ಲವೂ ಆ ರಿಯಾಯಿತಿಯ ಅಳತೆಯನ್ನು ನಿಶ್ಚಯಿಸುವ ಪ್ರಯತ್ನಗಳೇ ಆಗಿವೆ.

ಅಂತರರಾಷ್ಟ್ರೀಯ ಸಂಸ್ಥೆಯಾದ ಫಿಬಾ 2017ರಲ್ಲಿ ಈ ಅಳತೆಯನ್ನು ಸ್ಪಷ್ಟಪಡಿಸಿತು. ಓಡುತ್ತ ಚೆಂಡನ್ನು ಹಿಡಿದವಳು ನಿಲ್ಲಲು, ಪಾಸ್ ಕೊಡಲು ಅಥವಾ ಬುಟ್ಟಿಗೆ ಎಸೆಯಲು ಎರಡು ಹೆಜ್ಜೆಗಳನ್ನು ಇಡಬಹುದು. ಚೆಂಡು ಹತೋಟಿಗೆ ಬಂದಾಗ ನೆಲದ ಮೇಲಿರುವ ಪಾದವು ಎಣಿಕೆಗೆ ಸೇರದು; ಅನಂತರ ನೆಲವನ್ನು ಮುಟ್ಟುವುದೇ ಮೊದಲನೆಯ ಹೆಜ್ಜೆ. ಆದುದರಿಂದ ನೋಡುವವರು ಮೂರು ಎಂದು ಎಣಿಸುವ ಕಡೆ ನಿಯಮವು ಎರಡೆಂದೇ ಎಣಿಸಬಹುದು. ಹಾಗೆಯೇ, ಆಟಗಾರ್ತಿಯು ಬಿದ್ದು ಚೆಂಡಿನೊಡನೆ ಜಾರಿದರೆ ತಪ್ಪಲ್ಲ. ಚೆಂಡನ್ನು ಹಿಡಿದೇ ಹೊರಳಿದರೆ ಅಥವಾ ಏಳಲು ಯತ್ನಿಸಿದರೆ ಮಾತ್ರ ತಪ್ಪು.

ನಿಜವಾದ ತಪ್ಪು ಅನೇಕ ಸಲ ಬೇರೊಂದು ಕಡೆ ಅಡಗಿರುತ್ತದೆ. ನಿಂತಲ್ಲಿಂದ ಡ್ರಿಬಲ್ ಪ್ರಾರಂಭಿಸುವವಳು, ಪಿವಟ್ ಪಾದವನ್ನು ಎತ್ತುವ ಮೊದಲು ಚೆಂಡನ್ನು ಕೈಬಿಡಬೇಕು. ಪಾಸಿಗೂ ಎಸೆತಕ್ಕೂ ಆ ಪಾದವನ್ನು ಎತ್ತಬಹುದು. ಆದರೆ ಚೆಂಡು ಕೈಬಿಡುವ ಮೊದಲು ಅದು ಮತ್ತೆ ನೆಲವನ್ನು ಮುಟ್ಟಕೂಡದು. ಡ್ರಿಬಲಿಗೆ ಮುನ್ನ ಪಾದವನ್ನೆತ್ತಿ ಮುನ್ನುಗ್ಗುವ ಚಲನೆಯು ಬಹು ಸೊಗಸಾಗಿ ಕಾಣುವುದರಿಂದ ಯಾರೂ ಕೂಗುವುದಿಲ್ಲ. ಎದುರು ನಿಂತು ಶ್ರದ್ಧೆಯಿಂದ ಕಾಯುತ್ತಿದ್ದವಳು ಮಾತ್ರ ಅನ್ಯಾಯವಾಗಿ ಅರ್ಧ ಹೆಜ್ಜೆ ಹಿಂದೆ ಬೀಳುತ್ತಾಳೆ.

ಆದ್ದರಿಂದ ರೆಫರಿಯಾದವರು ಕ್ರಮವಾಗಿ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಚೆಂಡು ಯಾವಾಗ ಹತೋಟಿಗೆ ಬಂದಿತು? ಪಿವಟ್ ಪಾದವು ಯಾವುದು? ಚೆಂಡು ಕೈಬಿಡುವ ಮೊದಲು ಆ ಪಾದವು ಏನು ಮಾಡಿತು? ಮೊದಲನೆಯದಕ್ಕೆ ಉತ್ತರವಿಲ್ಲದೆ ಹೆಜ್ಜೆಗಳನ್ನು ಎಣಿಸುವುದು ವ್ಯರ್ಥ. ಪಾದವನ್ನು ಕಾಣದಿದ್ದಲ್ಲಿ ಊಹೆಯಿಂದ ಸೀಟಿಯೂದುವುದು ಅಧರ್ಮ.

ಹುಡುಗಿಯರ ಆಟದಲ್ಲಿ ಇಷ್ಟು ಕಟ್ಟುನಿಟ್ಟೇಕೆ, ಸ್ವಲ್ಪ ಕಂಡೂ ಕಾಣದಂತಿರಬಾರದೇ ಎಂದು ಕೆಲವರು ಹೇಳುವುದುಂಟು. ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್‌ಸನ್ ಎಂಬ ಮಹಿಳೆಯು 1892ರಲ್ಲಿ ಈ ಆಟವನ್ನು ಹೆಣ್ಣುಮಕ್ಕಳಿಗೆ ಕಲಿಸಲಾರಂಭಿಸಿದಾಗ, ಅಂಗಳವನ್ನು ವಿಭಾಗಿಸಿ ಅವರ ಓಟವನ್ನು ಮಿತಗೊಳಿಸಿದ್ದು ನಿಜ. ಆದರೆ 1976ರಿಂದ ಒಲಿಂಪಿಕ್ ಕ್ರೀಡೆಗಳಲ್ಲಿಯೂ ಮಹಿಳೆಯರು ಆಡುತ್ತಿದ್ದಾರೆ. ಇಂದು ಅವರ ಚೆಂಡು ಕೊಂಚ ಕಿರಿದು. ಹೆಜ್ಜೆಯ ನಿಯಮವು ಪುರುಷರದೇ. ನಿಯಮವು ಒಂದೇ ಆದ ಮೇಲೆ ಕನಿಕರದ ತೀರ್ಪು ನಮಗೇಕೆ? ಒಬ್ಬಳಿಗೆ ತೋರಿದ ಕನಿಕರವು ಇನ್ನೊಬ್ಬಳಿಗೆ ಮಾಡಿದ ಅನ್ಯಾಯವೇ ಸರಿ. ಸರಿಯಾದ ಹೆಜ್ಜೆಯನ್ನು ತಿಂಗಳುಗಟ್ಟಲೆ ಅಭ್ಯಾಸಮಾಡಿದವಳನ್ನು ಕೂಗಿಗೆ ಮಣಿದು ದಂಡಿಸಿದರೆ, ಅವಳು ಮುಂದೆ ಅಂಜಂಜಿ ಆಡುವಳು; ಅಂಜಿದವಳು ಕಲಿಯಲಾರಳು.

ವ್ಯಾಯಾಮದ ತರಗತಿಯಲ್ಲಿ ಚೆಂಡಿನೊಂದಿಗೆ ಸೀಟಿಯನ್ನೂ ಸರದಿಯಂತೆ ವಿದ್ಯಾರ್ಥಿನಿಯರ ಕೈಗೆ ಕೊಡಬೇಕೆಂಬುದು ನಮ್ಮ ಸೂಚನೆ. ಇನ್ನೊಬ್ಬಳ ಪಾದವನ್ನು ನಿಷ್ಪಕ್ಷಪಾತವಾಗಿ ನೋಡಲು ಕಲಿತವಳು ತನ್ನ ಪಾದವನ್ನೂ ಸರಿಯಾಗಿ ಇಡುವಳು. ತೀರ್ಪು ಬರುವ ಮೊದಲೇ ಕೂಗುವ ಅಭ್ಯಾಸವನ್ನೂ ಬಿಡುವಳು.