ಶಾಲೆ ಮುಚ್ಚಿದಾಗ ಅಂಕವೂ ಕಲಿಕೆಯೂ

2025ರ ಅಕ್ಟೋಬರ್‌ನಲ್ಲಿ ಶಿಕ್ಷಕರು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಕೆಲಸದಲ್ಲಿದ್ದ ಕಾರಣ ದಸರಾ ರಜೆಯನ್ನು 18ನೆಯ ತಾರೀಖಿನವರೆಗೆ ವಿಸ್ತರಿಸಲಾಯಿತು. ಆಗ ಹೊಳಲ್ಕೆರೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. "ಸಾರ್, ಹತ್ತನೇ ತರಗತಿಯ ಪಾಠ ಹಿಂದೆ ಬಿತ್ತು. ಶಾಲೆ ತೆರೆದ ಮೇಲೆ ವಿಶೇಷ ತರಗತಿ ಮಾಡಿ ಮುಗಿಸಿಬಿಡುತ್ತೇನೆ" ಎಂದ. "ಮುಗಿಸುವುದು ಸರಿಯಪ್ಪಾ, ಈ ದಿನಗಳಲ್ಲಿ ಮಕ್ಕಳು ಏನನ್ನು ಮರೆತರು ಎಂದು ಮೊದಲು ನೋಡುತ್ತೀಯಲ್ಲವೆ?" ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಾದ. ಅವನನ್ನು ಆಕ್ಷೇಪಿಸಲು ನಾನು ಆ ಪ್ರಶ್ನೆ ಕೇಳಲಿಲ್ಲ. 2021ರಲ್ಲಿ ನಾನೇ ಕೇಳಿಕೊಳ್ಳದೆ ಬಿಟ್ಟ ಪ್ರಶ್ನೆ ಅದು. ಆ ತಪ್ಪನ್ನು ಇಲ್ಲಿ ಬರೆದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ನಿಮ್ಮಲ್ಲಿ ಅನೇಕರು ಇಂದು ಶಿಕ್ಷಕರು. ಇನ್ನನೇಕರು ಪ್ರೌಢಶಾಲೆಗೆ ಹೋಗುವ ಮಕ್ಕಳ ತಂದೆತಾಯಿಗಳು.

ಕೊರೋನಾ ಕಾಲದ ಎರಡು ಎಸ್.ಎಸ್.ಎಲ್.ಸಿ. ಪರೀಕ್ಷೆಗಳನ್ನು ಮೊದಲು ನೆನಪಿಸಿಕೊಳ್ಳೋಣ. 2020ರ ಮಾರ್ಚ್ 27ರಂದು ಆರಂಭವಾಗಬೇಕಿದ್ದ ಪರೀಕ್ಷೆ ಜೂನ್ 25ರಂದು ಆರಂಭವಾಯಿತು. ಆ ಮಕ್ಕಳು ಇಡೀ ವರ್ಷ ಶಾಲೆಯಲ್ಲಿ ಕುಳಿತು ಪಾಠ ಕೇಳಿದ್ದವರು. ತೇರ್ಗಡೆಯಾದವರು ಶೇಕಡಾ 71.80. ಮರುವರ್ಷದ ಮಕ್ಕಳ ಕಥೆ ಬೇರೆ. ಅವರ ಒಂಬತ್ತನೇ ತರಗತಿಯ ವಾರ್ಷಿಕ ಪರೀಕ್ಷೆಯೇ ನಡೆದಿರಲಿಲ್ಲ. ಹತ್ತನೇ ತರಗತಿಯ ಬಾಗಿಲು ಅವರಿಗೆ ತೆರೆದದ್ದು 2021ರ ಜನವರಿ 1ರಂದು. ಏಪ್ರಿಲ್ ಹೊತ್ತಿಗೆ ಎರಡನೆಯ ಅಲೆ ಬಂದು ಮತ್ತೆ ಮುಚ್ಚಿತು. ಜುಲೈ 19 ಮತ್ತು 22ರಂದು, ಕೇವಲ ಎರಡು ದಿನ, ಬಹು ಆಯ್ಕೆಯ ಪ್ರಶ್ನೆಗಳಿಗೆ ಓಎಂಆರ್ ಹಾಳೆಯಲ್ಲಿ ವೃತ್ತ ತುಂಬುವ ಪರೀಕ್ಷೆ ನಡೆಯಿತು. ಯಾರನ್ನೂ ಅನುತ್ತೀರ್ಣಗೊಳಿಸುವುದಿಲ್ಲವೆಂದು ಸರ್ಕಾರ ಮೊದಲೇ ಹೇಳಿತ್ತು; ಫಲಿತಾಂಶ ಹೆಚ್ಚುಕಡಿಮೆ ಶೇಕಡಾ ನೂರು. ಶಾಲೆ ನಡೆದ ವರ್ಷ ನೂರಕ್ಕೆ ಎಪ್ಪತ್ತೆರಡು ಮಂದಿ, ಶಾಲೆ ನಡೆಯದ ವರ್ಷ ನೂರಕ್ಕೆ ನೂರು ಮಂದಿ! ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನಾನು ಹೇಳಹೊರಟಿರುವುದು ಅರ್ಧ ಹೇಳಿದಂತೆಯೇ.

ಆ ಪರೀಕ್ಷೆಯನ್ನು ನಡೆಸಿದ್ದು ತಪ್ಪೆಂದು ನಾನು ಹೇಳಲಾರೆ. ಮುಂದಿನ ಓದಿಗೆ ಮಕ್ಕಳ ಕೈಯಲ್ಲಿ ಒಂದು ಅಂಕಪಟ್ಟಿ ಇರಲೇಬೇಕಿತ್ತು. ಅದಿಲ್ಲದಿದ್ದರೆ ನಮ್ಮ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳ ಓದು ಅಲ್ಲಿಗೇ ನಿಂತು, ಮನೆಯಲ್ಲಿ ಮದುವೆಯ ಮಾತು ಶುರುವಾಗುತ್ತಿತ್ತು. ಆದರೆ ಅಂಕಪಟ್ಟಿ ಕೊಟ್ಟ ಮೇಲೆ, ಆ ಮಕ್ಕಳಿಗೆ ನಿಜವಾಗಿ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಒಬ್ಬೊಬ್ಬರನ್ನೂ ಕೂರಿಸಿಕೊಂಡು ನೋಡುವ ಕೆಲಸ ಉಳಿದೇ ಹೋಯಿತು.

ಆಗ ನಾನು ನಿವೃತ್ತನಾಗಿ ಹೊಸದುರ್ಗದ ಸಮೀಪದ ನಮ್ಮೂರಿನಲ್ಲಿದ್ದೆ. ಚಂದನ ವಾಹಿನಿಯಲ್ಲಿ ಸೇತುಬಂಧ ಪಾಠಗಳು ಬರುತ್ತಿದ್ದವು. ಆದರೆ ಪಾಠದ ಹೊತ್ತಿಗೆ ಕರೆಂಟು ಇರಬೇಕಲ್ಲ. ಆನ್‌ಲೈನ್ ಪಾಠಕ್ಕೆ ಬೇಕಾದ ಫೋನು ಅಪ್ಪನ ಜೇಬಿನಲ್ಲಿ ತೋಟಕ್ಕೋ ಸಂತೆಗೋ ಹೋಗಿರುತ್ತಿತ್ತು. ಕೆಲವು ಹುಡುಗರು ಸಿಗ್ನಲ್ ಹುಡುಕಿಕೊಂಡು ಗಾಳಿಯಂತ್ರಗಳಿರುವ ಗುಡ್ಡ ಹತ್ತುತ್ತಿದ್ದರು. 2020ರ ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮ ಕಾರ್ಯಕ್ರಮ ನನಗೆ ಮೆಚ್ಚುಗೆಯಾಗಿತ್ತು. ಸ್ಮಾರ್ಟ್‌ಫೋನ್ ಇರುವವರು, ಸಾಧಾರಣ ಫೋನ್ ಇರುವವರು, ಯಾವುದೂ ಇಲ್ಲದವರು ಎಂದು ಮಕ್ಕಳನ್ನು ಗುಂಪು ಮಾಡಿ, ಶಿಕ್ಷಕರೇ ಊರಿಗೆ ಬಂದು ದೇವಸ್ಥಾನದ ಅಂಗಳದಲ್ಲೋ ಅರಳಿಕಟ್ಟೆಯಲ್ಲೋ ಕಲಿಸುವ ಏರ್ಪಾಡು ಅದು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಆಗ ಹತ್ತನೇ ತರಗತಿಯ ಆರು ಮಕ್ಕಳು ನಮ್ಮ ಮನೆಯ ಜಗಲಿಗೆ ಬರತೊಡಗಿದರು.

ಜೂನ್‌ವರೆಗೆ ನಾನು ಅವರಿಗೆ ಗಣಿತವನ್ನೇ ಕಲಿಸಿದೆ. ಓಎಂಆರ್ ಪರೀಕ್ಷೆಯೆಂದು ತಿಳಿದ ಮೇಲೆ ಉಪಾಯ ಕಲಿಸತೊಡಗಿದೆ. ವರ್ಗ ಸಮೀಕರಣದ ಮೂಲ ಕಂಡುಹಿಡಿಯಬೇಕೆ? ಅಪವರ್ತನದ ಗೋಜೇಕೆ, ಕೊಟ್ಟಿರುವ ನಾಲ್ಕು ಆಯ್ಕೆಗಳನ್ನು ಒಂದೊಂದಾಗಿ ಸಮೀಕರಣದಲ್ಲಿ ಹಾಕಿ ನೋಡು, ಸರಿಹೊಂದಿದ್ದಕ್ಕೆ ವೃತ್ತ ತುಂಬು ಎಂದೆ. ಮಕ್ಕಳು ಬಹು ಬೇಗ ಕಲಿತರು. ಆರೂ ಮಂದಿ ಒಳ್ಳೆಯ ಅಂಕ ಪಡೆದರು. ಊರಿನವರು ನನ್ನನ್ನು ಹೊಗಳಿದರು. ಹೊಗಳಿಕೆಯನ್ನು ನಾನು ಸಂಕೋಚವಿಲ್ಲದೆ ಸ್ವೀಕರಿಸಿದೆ.

ಆ ವರ್ಷದ ದೀಪಾವಳಿಯ ಹೊತ್ತಿಗೆ, ಆ ಆರು ಮಂದಿಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಪಡೆದಿದ್ದ ಹುಡುಗಿ ನೋಟ್‌ಬುಕ್ ಹಿಡಿದು ಬಂದಳು. ಪ್ರಥಮ ಪಿ.ಯು.ಸಿ.ಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದಳು. ಒಂದು ಸಮೀಕರಣದ ಮುಂದೆ ಪುಟವೆಲ್ಲ ಖಾಲಿ ಬಿಟ್ಟಿದ್ದಳು. "ಸಾರ್, ಇಲ್ಲಿ ಆಯ್ಕೆಗಳನ್ನೇ ಕೊಟ್ಟಿಲ್ಲ" ಎಂದಳು. ಆಮೇಲೆ ಮೆಲ್ಲಗೆ, "ಪಾಸಾಗಿದ್ದೀನಲ್ಲ ಸಾರ್, ಅಂದಮೇಲೆ ಇದು ನನಗೆ ಬರಬೇಕಿತ್ತಲ್ವಾ?" ಎಂದು ಕೇಳಿದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಎಂಟನೇ ತರಗತಿಯ ಅಪವರ್ತನದಿಂದ ಮತ್ತೆ ಶುರು ಮಾಡಿದೆವು. ಆದರೆ ಕಾಲೇಜಿನ ಪಾಠ ನಮಗಾಗಿ ಕಾಯಲಿಲ್ಲ. ಮರುವರ್ಷ ಅವಳು ವಿಜ್ಞಾನ ಬಿಟ್ಟು ಕಲಾ ವಿಭಾಗಕ್ಕೆ ಸೇರಿದಳು. ಕಲಾ ವಿಭಾಗ ಕೀಳೆಂದು ನಾನು ಹೇಳುತ್ತಿಲ್ಲ. ಅದು ಅವಳು ಬಯಸಿ ಆರಿಸಿದ ದಾರಿಯಾಗಿರಲಿಲ್ಲ, ಅಷ್ಟೇ.

ಹಿರಿಯೂರಿನ ಕಡೆಯವರಿಗೆ ಒಂದು ಮಾತು ಬೇಗ ಅರ್ಥವಾದೀತು. ವಾಣಿವಿಲಾಸ ಸಾಗರದಲ್ಲಿ ಇಂದು ಎಷ್ಟು ಅಡಿ ನೀರಿದೆಯೆಂದು ನಾವೆಲ್ಲ ಪತ್ರಿಕೆಯಲ್ಲಿ ನೋಡುತ್ತೇವೆ. 1933ರ ನಂತರ 2022ರಲ್ಲಿ ಅದು ಕೋಡಿ ಬಿದ್ದಾಗ ನೋಡಲು ಜನ ಜಾತ್ರೆಯಂತೆ ಸೇರಿದ್ದರು. ನಡುವಿನ ಆ ಎಂಬತ್ತೊಂಬತ್ತು ವರ್ಷ ಅಣೆಕಟ್ಟು ತುಂಬಲಿಲ್ಲವೆಂದು ಯಾರಾದರೂ ನೀರಿನ ಮಟ್ಟ ಅಳೆಯುವುದನ್ನು ಬಿಟ್ಟರೇ? ಅಥವಾ ನೀರು ಕಡಿಮೆಯಿದ್ದಾಗ 130 ಅಡಿ ಎಂದು ಬರೆದರೇ? ಅಳತೆ ಇರುವುದು ಕಾಲುವೆಗೆ ಎಷ್ಟು ನೀರು ಬಿಡಬಹುದೆಂದು ತಿಳಿಯಲು. ಮಕ್ಕಳ ಮೌಲ್ಯಮಾಪನವೂ ಹಾಗೆಯೇ. ನಾಳೆ ಏನು ಕಲಿಸಬೇಕೆಂದು ತಿಳಿಸುವ ಅಳತೆ ಒಂದು; ಮುಂದಿನ ತರಗತಿಗೆ ಸೇರಿಸಲು ಬೇಕಾದ ಅಂಕಪಟ್ಟಿ ಇನ್ನೊಂದು. ಶಾಲೆ ಮುಚ್ಚಿದಾಗ ನಾವು ಎರಡನೆಯದಕ್ಕಾಗಿ ಚಡಪಡಿಸುತ್ತೇವೆ, ಮೊದಲನೆಯದನ್ನು ಮರೆಯುತ್ತೇವೆ. ನಿಜವಾಗಿ ಆಗ ಹೆಚ್ಚು ಬೇಕಾಗಿರುವುದು ಮೊದಲನೆಯದೇ.

ಶಾಲೆಗಳು ಮತ್ತೆ ಮುಚ್ಚುವ ದಿನಗಳು ಬಂದೇ ಬರುತ್ತವೆ. ಮಳೆಗಾಗಿಯೋ, ರೋಗಕ್ಕಾಗಿಯೋ, ಸಮೀಕ್ಷೆಗಾಗಿಯೋ. ಆಗ ಮಾಡಬಹುದಾದ ಕೆಲವು ಸಣ್ಣ ಕೆಲಸಗಳನ್ನು ನನ್ನ ಅನುಭವದಿಂದ ಹೇಳುತ್ತೇನೆ.

ಮೊದಲನೆಯದು, ಪ್ರತಿ ತರಗತಿಗೂ ಒಂದು ಪಟ್ಟಿ ಸದಾ ಸಿದ್ಧವಿರಲಿ. ಯಾವ ಮಗು ಯಾವ ಹಟ್ಟಿಯದು, ಮನೆಯಲ್ಲಿ ಯಾರ ಫೋನಿದೆ, ಅದು ಮಗುವಿನ ಕೈಗೆ ಸಿಗುವುದು ಎಷ್ಟು ಹೊತ್ತಿಗೆ, ಅಡಿಕೆ ಸುಲಿಯುವ ಅಥವಾ ಶೇಂಗಾ ಕೀಳುವ ಕಾಲದಲ್ಲಿ ಮಗು ಕೆಲಸಕ್ಕೆ ಹೋಗುತ್ತದೆಯೇ ಎಂಬುದೆಲ್ಲ ಅದರಲ್ಲಿರಬೇಕು.

ಎರಡನೆಯದು, ವಾರಕ್ಕೊಂದು ಹಾಳೆ. ಐದೇ ಪ್ರಶ್ನೆಗಳು ಸಾಕು: ಎರಡು ಹಿಂದಿನ ತರಗತಿಯವು, ಎರಡು ಈ ವಾರದವು, ಒಂದು ಮಗು ತನ್ನದೇ ಮಾತಿನಲ್ಲಿ ಬರೆಯಬೇಕಾದದ್ದು. ಆಯ್ಕೆಗಳು ಬೇಡ, ಹಂತಗಳು ಕಾಣಬೇಕು. ಹಾಳೆ ತಲುಪಿಸುವುದು ಹೇಗೆಂದು ಕೇಳಬಹುದು. ಕೊರೋನಾ ಕಾಲದಲ್ಲಿ ಬಿಸಿಯೂಟದ ಬದಲು ಮಕ್ಕಳಿಗೆ ಅಕ್ಕಿ, ಬೇಳೆ ಹಂಚಲಿಲ್ಲವೇ? ಅದರ ಜೊತೆಗೆ ಒಂದು ಹಾಳೆ ಹೋಗುವುದು ಕಷ್ಟವಾಗಲಾರದು. ಹಾಲಿನ ಡೇರಿಗೆ ದಿನವೂ ಬರುವವರ ಕೈಯಲ್ಲೂ ಕಳಿಸಬಹುದು.

ಮೂರನೆಯದು, ಬಂದ ಹಾಳೆಗೆ ಅಂಕ ಹಾಕಬೇಡಿ. ಎಲ್ಲಿ ತಪ್ಪಿತು, ಮುಂದೆ ಏನು ಮಾಡಬೇಕು ಎಂದು ಒಂದು ಸಾಲು ಬರೆದು ಹಿಂದಿರುಗಿಸಿ. ಹಿಂದಿರುಗದ ಹಾಳೆ ಮಗುವಿನ ಪಾಲಿಗೆ ಬಾವಿಗೆ ಬಿದ್ದ ಕೊಡದಂತೆ. ಅರವತ್ತು ಮಕ್ಕಳ ಹಾಳೆ ನೋಡಲು ಸಮಯವೆಲ್ಲಿ ಎಂಬ ನಿಮ್ಮ ಆಕ್ಷೇಪ ನ್ಯಾಯವಾದದ್ದೇ. ಬೇರೆ ಕೆಲಸಗಳ ಹೊರೆ ಶಿಕ್ಷಕರ ಮೇಲೆ ಎಷ್ಟಿದೆಯೆಂಬುದನ್ನು ನಾನು ಬಲ್ಲೆ. ವಾರಕ್ಕೆ ಹದಿನೈದು ಹಾಳೆಗಳಂತೆ ನೋಡಿದರೆ ತಿಂಗಳಿಗೊಮ್ಮೆ ಪ್ರತಿ ಮಗುವಿನ ಸರದಿ ಬರುತ್ತದೆ. ಏನೂ ನೋಡದೆ ಇರುವುದಕ್ಕಿಂತ ಅದು ಎಷ್ಟೋ ಮೇಲು.

ನಾಲ್ಕನೆಯದು, ದೀರ್ಘ ಕಾಲ ಮುಚ್ಚಿದ ಶಾಲೆ ತೆರೆದ ಮೇಲೆ ಮೊದಲ ಎರಡು ವಾರ ಹೊಸ ಪಾಠ ಬೇಡ. ಒಬ್ಬೊಬ್ಬರನ್ನೂ ಹತ್ತಿರ ಕರೆದು ಓದಿಸಿ, ಲೆಕ್ಕ ಮಾಡಿಸಿ, ಗುರುತು ಹಾಕಿಕೊಳ್ಳಿ. 2022-23ರ ಕಲಿಕಾ ಚೇತರಿಕೆ ಕಾರ್ಯಕ್ರಮದ ಉದ್ದೇಶ ಕಳೆದುಹೋದ ಕಲಿಕೆಯನ್ನು ಮರಳಿ ತರುವುದೇ ಆಗಿತ್ತು. ಆದರೆ ಅದು ಒಂದರಿಂದ ಒಂಬತ್ತನೇ ತರಗತಿಯವರಿಗೆ. 2021ರಲ್ಲಿ ಹತ್ತನ್ನು ದಾಟಿ ಹೋದವರನ್ನು ಯಾರೂ ಹಿಂದೆ ಕರೆಯಲಿಲ್ಲ.

ಕೊನೆಯದಾಗಿ, ಎಸ್.ಎಸ್.ಎಲ್.ಸಿ.ಯ ಗಣಿತದಲ್ಲಿ ಎಂಬತ್ತು ಅಂಕ ಲಿಖಿತ ಪರೀಕ್ಷೆಗೂ ಇಪ್ಪತ್ತು ಆಂತರಿಕ ಮೌಲ್ಯಮಾಪನಕ್ಕೂ ಇವೆಯಷ್ಟೆ. ವಾರದ ಹಾಳೆಗಳನ್ನು ಕೂಡಿಟ್ಟರೆ ಆ ಇಪ್ಪತ್ತು ಅಂಕಗಳಿಗೆ ನಿಜವಾದ ಆಧಾರ ಸಿಗುತ್ತದೆ. ಪರೀಕ್ಷೆ ನಡೆಸಲು ಸಾಧ್ಯವೇ ಆಗದ ವರ್ಷ ಬಂದರೂ ಮಗುವಿನ ಪರವಾಗಿ ಸಾಕ್ಷಿ ಹೇಳಲು ಅವು ಇರುತ್ತವೆ.

ಆ ಹುಡುಗಿ ತನಗೆ ಬಿ.ಎಡ್. ಮಾಡುವ ಆಸೆಯಿದೆ ಎನ್ನುತ್ತಾಳೆ. ಈಚೆಗೆ ಬಂದಿದ್ದಾಗ, ಅಂದು ನಾನು ಕಲಿಸಿದ ಉಪಾಯದ ಬಗ್ಗೆ ಅವಳ ಕ್ಷಮೆ ಕೇಳಿದೆ. "ಬಿಡಿ ಸಾರ್, ಪಾಸಾಗಿದ್ದಕ್ಕೇ ಅಲ್ವಾ ಅಪ್ಪ ಕಾಲೇಜಿಗೆ ಕಳಿಸಿದ್ದು" ಎಂದು ನಕ್ಕಳು. ಅವಳ ಮಾತೂ ನಿಜ. ಅಂಕಪಟ್ಟಿ ಅವಳಿಗೆ ಬಾಗಿಲು ತೆರೆಯಿತು. ಒಳಗೆ ಹೋಗಿ ನಿಲ್ಲುವ ಶಕ್ತಿಯನ್ನು ನಾನು ಕೊಡಬೇಕಿತ್ತು. ಹೊಳಲ್ಕೆರೆಯ ನನ್ನ ಶಿಷ್ಯ ಮೊನ್ನೆ ಮತ್ತೆ ಫೋನ್ ಮಾಡಿದ್ದ. ರಜೆ ಮುಗಿದ ಮೊದಲ ವಾರ ಹೊಸ ಪಾಠ ಮಾಡದೆ ಮಕ್ಕಳ ಹಾಳೆಗಳನ್ನು ನೋಡಿದನಂತೆ. "ಎಂಟನೇ ತರಗತಿಯ ಲೆಕ್ಕವೇ ಬಾರದವರು ಒಂಬತ್ತು ಮಂದಿ ಇದ್ದಾರೆ ಸಾರ್" ಎಂದು ಬೇಸರದಿಂದ ಹೇಳಿದ. ನನಗೆ ಬೇಸರವಾಗಲಿಲ್ಲ. ಆ ಒಂಬತ್ತು ಮಂದಿಯ ಹೆಸರು ಈಗ ಅವನಿಗೆ ಗೊತ್ತಿದೆ.