ವಕೀಲವೃತ್ತಿಯೂ ಯಂತ್ರಬುದ್ಧಿಯೂ

ನೋಟೀಸು, ಕರಾರುಪತ್ರ, ತೀರ್ಪಿನ ಸಾರಾಂಶ ಇವನ್ನೆಲ್ಲ ಕೃತಕ ಬುದ್ಧಿಮತ್ತೆಯು ಕ್ಷಣಾರ್ಧದಲ್ಲಿ ಬರೆದುಕೊಡುತ್ತಿರುವಾಗ ಮುಂಬಯಿಯ ನಮ್ಮ ತರುಣ ವಕೀಲರು ತಮ್ಮ ಅನ್ನದ ದಾರಿಯೇನೆಂದು ಚಿಂತಿಸುವುದು ಸಹಜವೇ ಆಗಿದೆ. ಅದನ್ನು ಕುರುಡಾಗಿ ನಂಬಿ, ಇಲ್ಲದ ತೀರ್ಪುಗಳನ್ನು ಉದ್ಧರಿಸಿದ ನ್ಯೂಯಾರ್ಕಿನ ವಕೀಲರು 2023ರಲ್ಲಿ 5,000 ಡಾಲರು ದಂಡಕ್ಕೆ ಗುರಿಯಾದರು, ನಿಜ. ಆದರೆ ಯಂತ್ರವು ತಪ್ಪುತ್ತದೆಂಬ ಸಮಾಧಾನದಿಂದ ಹೊಟ್ಟೆ ತುಂಬದು; ಅದು ದಿನೇ ದಿನೇ ತಿದ್ದಿಕೊಳ್ಳುತ್ತಿದೆ.

ಸಿಕ್ಕ ಖಟ್ಲೆಗಳನ್ನೆಲ್ಲ ಹಿಡಿಯುವುದಕ್ಕಿಂತ ಒಂದು ವಿಷಯದಲ್ಲಿ ಪಾರಂಗತರಾಗುವುದು ಲೇಸೆಂದು ನಮ್ಮ ಅಭಿಪ್ರಾಯ. ಅಂಥ ವಿಷಯವೊಂದು ನಮ್ಮ ಸಮಾಜದಲ್ಲಿಯೇ ಇದೆ. ಇಲ್ಲಿ ನೆಲೆಸಿದ ಕರಾವಳಿಯ ಎಷ್ಟೋ ಮನೆತನಗಳ ಊರಿನ ಆಸ್ತಿ ಅಳಿಯಸಂತಾನದ ಕಟ್ಟಿನಿಂದ ಬಂದುದು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 7ನೆಯ ಕಲಮು, 1974ರ ಭೂಸುಧಾರಣೆ, ಇವುಗಳ ತೊಡಕು ಸಾಮಾನ್ಯವಲ್ಲ. ಒಬ್ಬನ ಹೆಸರಿಗೆ ಮಂಜೂರಾದ ಗೇಣಿಭೂಮಿ ಅವನೊಬ್ಬನದೋ, ಕುಟುಂಬದ್ದೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಕಲಮನ್ನು ಯಂತ್ರವೂ ಹೇಳೀತು. ಆದರೆ ಅಜ್ಜಿಯ ಪೆಟ್ಟಿಗೆಯಲ್ಲಿನ ಮೂಲಗೇಣಿ ಚೀಟನ್ನೂ ಗೆದ್ದಲು ತಿಂದ ವಿಭಾಗಪತ್ರವನ್ನೂ ಓದಿ, ಮನೆಯ ಯಜಮಾನರೊಡನೆ ಜಗಲಿಯಲ್ಲಿ ಕುಳಿತು ತುಳುವಿನಲ್ಲಿ ಮಾತನಾಡಿ, ಯಾವ ಕವರು ಎಂದು ಬೇರೆಯಾಯಿತೆಂದು ಅರಿಯುವುದು ಅದರಿಂದಾಗದು.

ಇದಕ್ಕೆ ವರುಷಗಳ ತಾಳ್ಮೆ ಬೇಕು. ಆರಂಭದ ಆದಾಯವೂ ಅಲ್ಪ. ಯಂತ್ರವು ಅಗ್ಗವೆಂದು ಕಿರಿಯರನ್ನು ಕೈಬಿಡದೆ, ಇಂಥ ಕಾಗದಗಳ ಓದನ್ನು ಅವರಿಗೆ ಕಲಿಸಬೇಕೆಂದು ಹಿರಿಯ ವಕೀಲರನ್ನು ನಾವು ಕೋರುತ್ತೇವೆ. ಕಲಿಸಬಲ್ಲ ಹಿರಿಯರೂ ಈಗ ಬೆರಳೆಣಿಕೆಯಷ್ಟೇ ಉಳಿದಿದ್ದಾರೆ.