ಎಳೆದಷ್ಟೂ ಓಡುವ ಕುದುರೆ

ಕುದುರೆ ಕೊಂಡೆ ಅಂತ ಊರಿಗೆ ಫೋನ್ ಮಾಡಿದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ: "ಎಲ್ಲಿ ಕಟ್ತೀಯೋ ಅದನ್ನ?" ಪುಣೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎರಡನೇ ಕಾರಿಗೇ ಜಾಗವಿಲ್ಲ. ಊರಾಚೆಯ ಒಂದು ಲಾಯದಲ್ಲಿ ತಿಂಗಳಿಗಿಷ್ಟು ಅಂತ ಕೊಟ್ಟು ಇಟ್ಟಿದ್ದೀನಿ ಅಂದೆ. "ಸರಿ, ನಿನ್ನ ಹಾಗೇ ಅದಕ್ಕೂ ಬಾಡಿಗೆ ಮನೆ" ಅಂತ ನಕ್ಕರು.

ಬಾದಲ್ ಓಟದ ಕುದುರೆ. ಮಳೆಗಾಲದಲ್ಲಿ ಪುಣೆ, ಚಳಿಗಾಲದಲ್ಲಿ ಮುಂಬೈಯ ಮಹಾಲಕ್ಷ್ಮಿ, ಹೀಗೆ ಓಡಿ ಓಡಿ ಆರನೇ ವಯಸ್ಸಿಗೆ ನಿವೃತ್ತನಾದವನು. ಓಟದ ಕುದುರೆಗಳು ಎರಡನೇ ವಯಸ್ಸಿಗೇ ಮೈದಾನಕ್ಕೆ ಇಳಿಯುತ್ತವೆ, ಐದಾರು ವರ್ಷಕ್ಕೆ ಬಹಳಷ್ಟರ ವೃತ್ತಿ ಮುಗಿದಿರುತ್ತದೆ. ಆದರೆ ಆಯುಷ್ಯ ಇಪ್ಪತ್ತೈದರ ಮೇಲೆ. ಉಳಿದ ಅಷ್ಟು ವರ್ಷ ಅವು ಎಲ್ಲಿರಬೇಕು? ಕೆಲವು ರೈಡಿಂಗ್ ಶಾಲೆಗಳಿಗೆ ಹೋಗುತ್ತವೆ. ಕೆಲವು ನನ್ನಂಥ ಹುಚ್ಚರ ಕೈಗೆ ಬರುತ್ತವೆ.

ಮೂರನೇ ವಾರದಲ್ಲೇ ಬಿದ್ದೆ. ನಿಧಾನಕ್ಕೆ ಹೋಗುತ್ತಿದ್ದವನು ಸ್ವಲ್ಪ ವೇಗ ಹೆಚ್ಚಿಸಿದ. ಹೆದರಿ ಲಗಾಮು ಎಳೆದೆ. ಅವನು ಇನ್ನೂ ಜೋರಾದ. ಎರಡೂ ಕೈಯಲ್ಲಿ ಎಳೆದು ಹಿಡಿದೆ. ಆಮೇಲೆ ನೆನಪಿರುವುದು ಬೇಲಿಯ ಕಂಬ ಮತ್ತು ಕೆಂಪು ಮಣ್ಣು ಮಾತ್ರ. ಕಾಲರ್ ಬೋನ್ ಮುರಿದು ಆರು ವಾರ ಕೈ ಜೋಳಿಗೆಯಲ್ಲಿತ್ತು. ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು, ಮಾರಿಬಿಡು. ನನಗೂ ಅವನ ಮೇಲೆ ಸಿಟ್ಟಿತ್ತು. ಇಷ್ಟು ಪ್ರೀತಿಯಿಂದ ಕ್ಯಾರೆಟ್ ತಿನ್ನಿಸಿದ್ದೇನೆ, ಒಂಚೂರು ಮರ್ಯಾದೆ ಬೇಡವೇ? ಬಾಯಿಗೆ ಇನ್ನೂ ಗಟ್ಟಿಯಾದ ಕಡಿವಾಣ ಹಾಕಿದರೆ ಬುದ್ಧಿ ಬರುತ್ತದೆ ಅಂತ ಒಬ್ಬರು ಸಲಹೆ ಕೊಟ್ಟರು. ಆನ್‌ಲೈನಿನಲ್ಲಿ ನೋಡಿಯೂ ಇಟ್ಟಿದ್ದೆ.

ಕೈ ಜೋಳಿಗೆಯಲ್ಲೇ ಒಂದು ಭಾನುವಾರ ಲಾಯಕ್ಕೆ ಹೋದಾಗ ಅಲ್ಲಿಯ ಸಾಯಿಸ ನನ್ನ ಕಥೆ ಕೇಳಿ ಮರಾಠಿಯಲ್ಲಿ ಒಂದೇ ಮಾತು ಹೇಳಿದ: "ಸಾಹೇಬ್ರೇ, ನೀವು ಓಡು ಅಂದ್ರಿ, ಅವನು ಓಡಿದ."

ವಿಷಯ ಇಷ್ಟೇ. ಓಟದಲ್ಲಿ ಜಾಕಿ ಲಗಾಮು ಬಿಗಿ ಹಿಡಿದರೆ ಕುದುರೆ ಆ ಬಿಗಿತಕ್ಕೆ ಒರಗಿಕೊಂಡು ವೇಗ ಹೆಚ್ಚಿಸುತ್ತದೆ. ಅದು ಚಿಕ್ಕಂದಿನಿಂದ ಕಲಿತ ಭಾಷೆ. ನಾನು 'ನಿಲ್ಲು' ಎಂದು ಕೂಗಿದಷ್ಟೂ ಅವನಿಗೆ ಕೇಳಿಸಿದ್ದು 'ಇನ್ನೂ ಜೋರು' ಅಂತ. ಪುಣೆಗೆ ಬಂದ ಹೊಸದರಲ್ಲಿ ಮರಾಠಿ ಬಾರದೆ ರಿಕ್ಷಾದವರ ಹತ್ತಿರ ದನಿ ಏರಿಸಿ ಮಾತಾಡುತ್ತಿದ್ದ ನನಗೆ ಇದು ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಕೈ ಸರಿಹೋದ ಮೇಲೆ ಮೂರು ತಿಂಗಳು ಅವನ ಬೆನ್ನೇರಲಿಲ್ಲ. ಹಗ್ಗ ಹಿಡಿದು ಜೊತೆಗೆ ನಡೆದೆ ಅಷ್ಟೆ. ಸಾಯಿಸ ಕಲಿಸಿದ ಪಾಠ ಕೇಳಲು ಸುಲಭ: ಹಗ್ಗವನ್ನು ಮೆಲ್ಲಗೆ ಬಿಗಿ ಮಾಡು, ಅವನು ಒಂದು ಹೆಜ್ಜೆ ಒಪ್ಪಿದ ಕ್ಷಣವೇ ಸಡಿಲ ಬಿಡು. ಕುದುರೆ ಕಲಿಯುವುದು ಬಿಗಿತದಿಂದಲ್ಲ, ಸಡಿಲವಾದ ಆ ಕ್ಷಣದಿಂದ. ಒಪ್ಪಿದ ಮೇಲೂ ನಾವು ಎಳೆಯುತ್ತಲೇ ಇದ್ದರೆ, ಇವನಿಗೆ ಏನು ಮಾಡಿದರೂ ಅಷ್ಟೇ ಅಂತ ಅದಕ್ಕೆ ಅನ್ನಿಸುತ್ತದೆ. ಕೆಲವು ಎದುರು ಬೀಳುತ್ತವೆ. ಕೆಲವು ಒಳಗೇ ಮುದುಡಿ ಸುಮ್ಮನೆ ನಿಲ್ಲುತ್ತವೆ. ನಾವು ಅದನ್ನು 'ಒಳ್ಳೇ ಕುದುರೆ' ಎನ್ನುತ್ತೇವೆ.

ಕುದುರೆ ಬೇಟೆಗೆ ಸಿಕ್ಕಬಲ್ಲ ಪ್ರಾಣಿ ಎನ್ನುವುದನ್ನು ನಾನು ಮರೆತಿದ್ದೆ. ಸುಮಾರು ಐದು ನೂರು ಕಿಲೋ ತೂಗುವ ದೇಹದ ಒಳಗಿರುವುದು ಜಿಂಕೆಯ ಮನಸ್ಸು. ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿ ಇರುವುದರಿಂದ ಹತ್ತಿರ ಹತ್ತಿರ 350 ಡಿಗ್ರಿ ಕಾಣುತ್ತದೆ. ಕಾಣದಿರುವುದು ಬಾಲದ ಹಿಂದೆ ಮತ್ತು ಹಣೆಯ ಮುಂದೆ ಮೂಗಿನ ಹತ್ತಿರದ ಸ್ವಲ್ಪ ಜಾಗ. ಪ್ರೀತಿ ಬಂತೆಂದು ನಾನು ಎದುರು ನಿಂತು ಹಣೆ ಸವರುತ್ತಿದ್ದದ್ದು ಸರಿಯಾಗಿ ಆ ಕುರುಡು ಜಾಗದಲ್ಲೇ! ಈಗ ಭುಜದ ಪಕ್ಕ ಹೋಗಿ, ಮೊದಲು ದನಿ ಕೇಳಿಸಿ, ಕತ್ತು ಬೆನ್ನಿಗೆ ಸೇರುವ ಏರಿನಲ್ಲಿ ಕೆರೆಯುತ್ತೇನೆ. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವುದು ಅಲ್ಲೇ. ಅಲ್ಲಿ ಕೆರೆದರೆ ಅವುಗಳ ಎದೆಬಡಿತ ಇಳಿಯುತ್ತದೆಂದು 1993ರಲ್ಲೇ ಅಳೆದು ತೋರಿಸಿದ್ದಾರೆ. ಬೆನ್ನು ತಟ್ಟುವ ನಮ್ಮ ಅಭ್ಯಾಸ ನಮ್ಮದೇ ಸಂತೋಷಕ್ಕೆ.

ಇದೆಲ್ಲ ಹೊಸ ಜ್ಞಾನವೂ ಅಲ್ಲ. ಗ್ರೀಸಿನ ಸೇನಾನಿ ಜೆನೊಫೋನ್ ಸುಮಾರು 2,350 ವರ್ಷಗಳ ಹಿಂದೆಯೇ ಕುದುರೆ ಸವಾರಿಯ ಬಗ್ಗೆ ಪುಸ್ತಕ ಬರೆದಿದ್ದ. ಕೋಪದಲ್ಲಿ ಕುದುರೆಯ ಹತ್ತಿರ ಹೋಗಬೇಡಿ ಎನ್ನುವುದು ಅವನ ಮುಖ್ಯ ಮಾತು. ಬೆದರಿದ ಕುದುರೆಗೆ ಹೊಡೆದರೆ, ತನ್ನನ್ನು ಬೆದರಿಸಿದ ವಸ್ತುವೇ ನೋವು ಕೊಟ್ಟಿತೆಂದು ಅದು ನಂಬುತ್ತದೆ, ಭಯ ಇಮ್ಮಡಿಯಾಗುತ್ತದೆ ಎಂದೂ ಎಚ್ಚರಿಸಿದ್ದ.

ಹೋದ ಜುಲೈನಲ್ಲಿ ಪರೀಕ್ಷೆ ಬಂತು. ಮಳೆ ನಿಂತ ಬೆಳಿಗ್ಗೆ, ನಾನು ಬಾದಲ್ ಮೇಲೆ. ಪಕ್ಕದ ಶೆಡ್ಡಿನ ನೀಲಿ ತಾಡಪಾಲು ಗಾಳಿಗೆ ಫಟಾರನೆ ಎದ್ದಿತು. ಅವನ ಮೈ ಪೂರಾ ಬಿಗಿಯಾದದ್ದು ನನ್ನ ತೊಡೆಗೆ ಗೊತ್ತಾಯಿತು. ನನ್ನ ಕೈ ತಾನಾಗಿಯೇ ಎಳೆಯಲು ಹೊರಟಿತು. ಕಷ್ಟಪಟ್ಟು ತಡೆದು ಲಗಾಮು ಉದ್ದ ಬಿಟ್ಟೆ, ಉಸಿರನ್ನು ನಿಧಾನಕ್ಕೆ ಹೊರಗೆ ಹಾಕಿದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದ. ನಿಂತ. ತಾಡಪಾಲನ್ನೇ ನೋಡುತ್ತಿದ್ದ ಎರಡು ಕಿವಿಗಳಲ್ಲಿ ಒಂದು ಹಿಂದಕ್ಕೆ, ನನ್ನ ಕಡೆಗೆ ತಿರುಗಿತು. ಏನು ಮಾಡೋಣ ಅಂತ ಅವನು ನನ್ನನ್ನು ಕೇಳಿದ್ದು ಅದೇ ಮೊದಲು.

ದೀಪಾವಳಿಗೆ ಅಮ್ಮ ಬಂದಿದ್ದರು. ಲಾಯಕ್ಕೆ ಕರೆದುಕೊಂಡು ಹೋದೆ. ಹೇಗೆ ಹತ್ತಿರ ಹೋಗಬೇಕು ಅಂತ ಪಾಠ ಶುರು ಮಾಡುವಷ್ಟರಲ್ಲಿ ಅವರು ಪಕ್ಕದಿಂದ ಹೋಗಿ, "ಏನಪ್ಪಾ" ಅಂತ ಮಾತಾಡಿಸಿ, ಭುಜದ ಹತ್ತಿರ ನಿಂತು ಕತ್ತಿನ ಏರು ಕೆರೆಯತೊಡಗಿದ್ದರು. ಬಾದಲ್ ತಲೆ ತಗ್ಗಿಸಿ ಕೆಳತುಟಿ ಜೋಲುಬಿಟ್ಟು ನಿಂತಿದ್ದ. ಯಾರು ಹೇಳಿಕೊಟ್ಟರಮ್ಮಾ ಅಂದೆ.

"ಯಾರು ಹೇಳಿಕೊಡ್ಬೇಕು? ನಮ್ಮನೇಲಿ ಎತ್ತಿರಲಿಲ್ವಾ?" ಅಂದರು.